ಒಸಡಿಗೆ ಹಾಕುವ ಜೆಲ್‌: ‘ಮುಲಾಮು’ ಬೇಡ, ‘ಒಸರು ಮದ್ದು’ ಆದೀತೇ?

ನಮಸ್ಕಾರ. ನಾನು ಶಿರಸಿಯವಳು. ಹೋದ ತಿಂಗಳು ನಮ್ಮ ಅತ್ತೆಯ ಒಸಡಿನೊಳಗೆ ಹಲ್ಲಿನ ಡಾಕ್ಟರು ಜೆಲ್‌ ತುಂಬಿದರು. ಕೊಟ್ಟ ಚೀಟಿಯಲ್ಲಿ ‘ಮುಲಾಮು’ ಎಂದಿತ್ತು. ಮುಲಾಮು ಅಂದರೆ ತಿಕ್ಕುವುದು ಅಲ್ವಾ? ಅತ್ತೆ ಮನೆಗೆ ಬಂದವರೇ ಬೆರಳು ಹಾಕಿ ತಿಕ್ಕಿದರು. ಮದ್ದು ಹೊರಗೆ ಬಂತು. ಅವರನ್ನು ಹೇಗೆ ದೂರಲಿ? ಆ ಪದ ಕೇಳಿದರೆ ಕೈ ತಾನೇ ಹೋಗುತ್ತದೆ.

ಗಟ್ಟಿ ಒಸಡಿನಲ್ಲಿ ಹಲ್ಲಿನ ಸುತ್ತಲಿನ ಸಂದಿನ ಆಳ 3 ಮಿಲಿಮೀಟರ್ ಮೀರುವುದಿಲ್ಲ. ರೋಗ ಬಂದಾಗ ಅದು 5, 6 ಮಿಲಿಮೀಟರ್ ಆಳಕ್ಕೆ ಇಳಿಯುತ್ತದೆ. ಬಾಯಿ ಮುಕ್ಕಳಿಸುವ ಔಷಧಿ ಅಷ್ಟು ಕೆಳಗೆ ತಲುಪುವುದಿಲ್ಲ. ತಲುಪಿದರೂ ಸಂದಿನಲ್ಲಿ ಜಿನುಗುವ ನೀರು ಅದನ್ನು ತೊಳೆದುಬಿಡುತ್ತದೆ. ಅದಕ್ಕೇ ಹಲ್ಲು ಕ್ಲೀನ್ ಮಾಡಿದ ಮೇಲೆ ಜೆಲ್‌ ತುಂಬುವುದು. ಅದು ಅಲ್ಲೇ ಕೂತು ಮದ್ದನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಡಾಕ್ಸಿಸೈಕ್ಲಿನ್‌ ಎಂಬ ಆ್ಯಂಟಿಬಯಾಟಿಕ್ ಇರುವ ಒಂದು ಜೆಲ್‌ ಹಾಕಿದರೆ 7 ದಿನ ಆ ಜಾಗ ಬ್ರಶ್ ಮಾಡಬಾರದು.

ಪೊಲಾಕ್ಸಮರ್‌ ಎಂಬ ಇನ್ನೊಂದು ವಸ್ತುವಿನ ಜೆಲ್‌ ತಣ್ಣಗಿದ್ದಾಗ ನೀರಾಗಿದ್ದು, ಮೈಬಿಸಿಗೆ ಗಟ್ಟಿಯಾಗುತ್ತದೆ. ನನಗೆ ಕೂಡಲೇ ಗಿಣ್ಣ ನೆನಪಾಯಿತು. ಗಿಣ್ಣದ ಹಾಲೂ ಬಿಸಿಗೇ ಗಟ್ಟಿಯಾಗುವುದು. ಆದರೆ ಅದು ಮತ್ತೆ ಹಾಲಾಗುವುದಿಲ್ಲ, ಈ ಜೆಲ್‌ ತಣಿದರೆ ಮತ್ತೆ ನೀರಾಗುತ್ತದೆ.

ಈಗ ಪದದ ಮಾತು. ನಮ್ಮ ಕಡೆ ಮತ್ತಿ ಸೊಪ್ಪನ್ನೋ ದಾಸವಾಳದ ಸೊಪ್ಪನ್ನೋ ಕಿವುಚಿ ತಲೆಗೆ ಹಾಕುವ ಲೋಳೆಗೆ ‘ಗಂಪು’ ಎನ್ನುತ್ತೇವೆ. ಜೆಲ್‌ಗೆ ಅದೇ ಇರಲಿ ಎಂದು ಮೊದಲು ಆಸೆಪಟ್ಟೆ. ಆದರೆ ಗಂಪು ತೊಳೆದು ತೆಗೆಯುವಂಥದ್ದು, ಇದು ಉಳಿಯಬೇಕಾದದ್ದು. ‘ಜೆಲ್‌’ ಎಲ್ಲರಿಗೂ ಗೊತ್ತು, ಇದ್ದರೆ ಇರಲಿ. ಅದು ಮಾಡುವ ಕೆಲಸಕ್ಕೆ ಮಾತ್ರ ಕನ್ನಡದ್ದೇ ಪದ ಬೇಕು ಅನ್ನಿಸುತ್ತದೆ. ‘ನಿಯಂತ್ರಿತ ಔಷಧ ಬಿಡುಗಡೆ’ ಎಂದರೆ ಅತ್ತೆಗೆ ಏನೂ ತಿಳಿಯದು. ಮಳೆಗಾಲ ಮುಗಿದ ಮೇಲೂ ಧರೆಯಿಂದ ನೀರು ಸಣ್ಣಗೆ ಒಸರುತ್ತದಲ್ಲ, ಹಾಗೆಯೇ ಈ ಮದ್ದು. ‘ಒಸರು ಮದ್ದು’ ಎಂದು ಹೇಳಿದೆ. ಅತ್ತೆ ಥಟ್ಟನೆ, “ಹಾಗಾದ್ರೆ ತಿಕ್ಕಲಾಗ” ಅಂದರು.

ಒಂದೇ ಅಳುಕು. ಒಸಡಿನಿಂದ ಕೀವೂ ಒಸರುತ್ತದೆ. ಹಲ್ಲುನೋವಿನವರು ಅದನ್ನೇ ನೆನೆದು ಹೆದರಿಯಾರೇ? ಕಾರವಾರ, ಅಂಕೋಲಾ, ಕುಮಟಾ ಕಡೆಯವರು ‘ಒಸರು’ ಅಂದ ಕೂಡಲೇ ಏನು ನೆನೆಯುತ್ತೀರಿ? ನೀರೋ, ಕೀವೋ?