1979ರ ಸ್ಟಿಂಗ್‌ರೇ ಬೇಸ್: ನುಡಿಸದಿದ್ದರೂ ಎರಡು ವಾರಕ್ಕೆ ಬ್ಯಾಟರಿ ಖಾಲಿ, ವಾಲ್ಯೂಮ್ ತಿರುಗಿಸಿದರೆ ಕರಕರ

ಮಂದ್ರತಂತಿ:
ಎಲ್ಲರಿಗೂ ನಮಸ್ಕಾರ. ನನ್ನದು ಮ್ಯೂಸಿಕ್ ಮ್ಯಾನ್ ಕಂಪನಿಯ ಸ್ಟಿಂಗ್‌ರೇ ಬೇಸ್ ಗಿಟಾರ್, ಎರ್ನಿ ಬಾಲ್ ಆ ಕಂಪನಿಯನ್ನು ಕೊಳ್ಳುವುದಕ್ಕೆ ಮುಂಚಿನದು. ತಂತಿಗಳು ಮೈಯ ಹಿಂಬದಿಯಿಂದ ತೂರಿ ಬರುತ್ತವೆ, ನೆಕ್‌ಗೆ ಮೂರು ಬೋಲ್ಟ್, ನಾಬ್‌ಗಳು ಮೂರು: ವಾಲ್ಯೂಮ್, ಟ್ರೆಬಲ್, ಬೇಸ್. ತೊಂದರೆಗಳು ಹೀಗಿವೆ:

ಹೊಸ 9 ವೋಲ್ಟ್ ಬ್ಯಾಟರಿ ಹಾಕಿ, ಕೇಬಲ್ ತೆಗೆದು ಇಟ್ಟರೂ ಹನ್ನೆರಡು-ಹದಿನಾಲ್ಕು ದಿನಕ್ಕೆ ಸತ್ತುಹೋಗುತ್ತದೆ. ಬ್ಯಾಟರಿ ಸತ್ತ ಮೇಲೆ ಸದ್ದೇ ಇಲ್ಲ. ವಾಲ್ಯೂಮ್ ತಿರುಗಿಸಿದಾಗ ಕರಕರ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಅರ್ಧ ದಿನ ಸರಿ, ಮತ್ತೆ ಅದೇ. ತಂತಿಯಿಂದ ಕೈ ತೆಗೆದರೂ ಇಟ್ಟರೂ ಒಂದೇ ಥರ ಗುಂಯ್‌ಗುಡುತ್ತದೆ. ಜಿ ತಂತಿ ಮಿಕ್ಕವುಗಳಿಗಿಂತ ಮೆತ್ತಗೆ.

ಪ್ರೀಆಂಪ್ (ಒಳಗಿರುವ, ಬ್ಯಾಟರಿಯಿಂದ ನಡೆಯುವ ದನಿಯ ಸರ್ಕ್ಯೂಟ್) ಕಿತ್ತು ಹೊಸದು ಹಾಕಿಸಿ ಎನ್ನುತ್ತಿದ್ದಾರೆ. ಹಾಕಿಸಬೇಕಾ?

ಬೆಸುಗೆಕಡ್ಡಿ:
ಬೇಡ ಸರ್, ದಯವಿಟ್ಟು ಕೀಳಿಸಬೇಡಿ. ಈ ವಾದ್ಯದ ಬೆಲೆ, ದನಿ ಎರಡೂ ಆ ಚಿಕ್ಕ ಬೋರ್ಡ್‌ನಲ್ಲಿವೆ. 1976ರಲ್ಲಿ ಇದು ಬಂದಾಗ ಪ್ರೀಆಂಪ್ ಒಳಗೇ ಇಟ್ಟು ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಮೊದಲ ಬೇಸ್‌ಗಳಲ್ಲಿ ಒಂದು. ಲಿಯೋ ಫೆಂಡರ್ ಅವರ ಕೆಲಸ. ಸರ್ಕ್ಯೂಟ್ ಟಾಮ್ ವಾಕರ್ ಅವರದು. ನೀವು ಹೇಳಿದ ನಾಲ್ಕರಲ್ಲಿ ಯಾವುದಕ್ಕೂ ಪ್ರೀಆಂಪ್ ಬದಲಿಸಬೇಕಾಗಿ ಬರಲಿಕ್ಕಿಲ್ಲ.

ಇದಕ್ಕೆ ಪ್ಯಾಸಿವ್ ಸ್ವಿಚ್, ಅಂದರೆ ಬ್ಯಾಟರಿ ಇಲ್ಲದೆ ನುಡಿಸಲು ಬಿಡುವ ಸ್ವಿಚ್, ಇಲ್ಲ. ಬ್ಯಾಟರಿ ಸತ್ತರೆ ಸದ್ದು ನಿಲ್ಲುವುದು ಸಹಜ, ಅದನ್ನು ದೋಷ ಅಂತ ಎಣಿಸಬೇಡಿ.

ಸಾಲ್ಡರಿಂಗ್ ಐರನ್ ಇನ್ನೂ ಬಿಸಿ ಮಾಡಬೇಡಿ. ಮೊದಲು ಮಲ್ಟಿಮೀಟರ್ ಹಿಡಿದು ನಾಲ್ಕು ಅಳತೆ ಕೊಡಿ.

1. ಕೇಬಲ್ ಇಲ್ಲದಾಗ ಬ್ಯಾಟರಿಯಿಂದ ಹರಿಯುವ ಕರೆಂಟ್. ಬ್ಯಾಟರಿ ಕ್ಲಿಪ್ ಅನ್ನು ಓರೆ ಮಾಡಿ ಒಂದೇ ಗುಂಡಿಗೆ ಸಿಕ್ಕಿಸಿ. ಇನ್ನೊಂದು ಗುಂಡಿ ಮತ್ತು ಕ್ಲಿಪ್‌ನ ಖಾಲಿ ತುದಿಯ ನಡುವೆ ಮೀಟರ್ ಇಡಿ, ಮಿಲಿಆಂಪಿಯರ್‌ನಲ್ಲಿ. ಅಳೆದಾದ ಕೂಡಲೇ ಮೀಟರ್‌ನ ಕೆಂಪು ವೈರನ್ನು ವೋಲ್ಟ್ ತೂತಿಗೆ ವಾಪಸ್ ಹಾಕಿ. ಮರೆತು ಅದರಲ್ಲೇ ವೋಲ್ಟೇಜ್ ನೋಡಹೋದರೆ ಬ್ಯಾಟರಿ ಶಾರ್ಟ್ ಆಗುತ್ತದೆ.
2. ಕಂಟ್ರೋಲ್ ಪ್ಲೇಟ್ ಬಿಚ್ಚಿ ಜ್ಯಾಕ್ (ಕೇಬಲ್ ಸಿಕ್ಕಿಸುವ ಭಾಗ) ನೋಡಿ. ವೈರ್ ಬೆಸೆಯುವ ಕಾಲು ಎರಡೋ ಮೂರೋ?
3. ಬ್ಯಾಟರಿ, ಕೇಬಲ್ ಎರಡೂ ಹಾಕಿ, ವಾಲ್ಯೂಮ್ ಪಾಟ್‌ನ (ನಾಬ್ ಅಡಿಯ ತಿರುಗುವ ರೆಸಿಸ್ಟರ್) ಹೊರಗಿನ ಎರಡು ಕಾಲುಗಳ ನಡುವೆ ಡಿಸಿ ವೋಲ್ಟ್ ಎಷ್ಟು?
4. ಬ್ರಿಜ್‌ನ (ಮೈ ಮೇಲೆ ತಂತಿಗಳು ಕೂರುವ ಭಾಗ) ಲೋಹಕ್ಕೂ ಜ್ಯಾಕ್‌ನ ಸ್ಲೀವ್‌ಗೂ (ಅರ್ತ್ ಕಾಲು) ನಡುವೆ ಎಷ್ಟು ಓಮ್?

ಬೋರ್ಡ್ ಮೇಲೆ ಗಟ್ಟಿ ಎಪಾಕ್ಸಿ ಬಳಿದಿದ್ದರೆ ಅದನ್ನು ಕೆರೆಯಬೇಡಿ. ಹಳೆಯ ಬೋರ್ಡ್‌ಗಳಲ್ಲಿ ನಕಲು ಮಾಡದಿರಲಿ ಅಂತ ಹಾಗೆ ಮುಚ್ಚುತ್ತಿದ್ದರು. ಕೆರೆದರೆ ಬಿಡಿಭಾಗವೇ ಕಿತ್ತು ಬರುತ್ತದೆ.

ಮಂದ್ರತಂತಿ:
ಅಳತೆಗಳು:
ಕೇಬಲ್ ಇಲ್ಲದಾಗ 1.6 ಮಿಲಿಆಂಪಿಯರ್. ಕೇಬಲ್ ಹಾಕಿದರೂ ಅಷ್ಟೇ.
ಜ್ಯಾಕ್‌ಗೆ ಎರಡೇ ಕಾಲು. ಬ್ಯಾಟರಿಯ ಕಪ್ಪು ವೈರ್ ಮತ್ತು ಅರ್ತ್ ವೈರ್ ಎರಡನ್ನೂ ಒಂದೇ ಕಾಲಿಗೆ ಬೆಸೆದಿದ್ದಾರೆ.
ವಾಲ್ಯೂಮ್ ಪಾಟ್ ಮೇಲೆ 0.4 ವೋಲ್ಟ್ ಡಿಸಿ.
ಬ್ರಿಜ್‌ಗೂ ಸ್ಲೀವ್‌ಗೂ ಸಂಪರ್ಕವೇ ಇಲ್ಲ, ಮೀಟರ್ ಓಪನ್ ತೋರಿಸುತ್ತಿದೆ.
ಎಪಾಕ್ಸಿ ಇಲ್ಲ. ಎಂಟು ಕಾಲಿನ ಐಸಿ (ಚಿಪ್) ಮೇಲೆ ಟಿಎಲ್ 071 ಅಂತಿದೆ.

ಬೆಸುಗೆಕಡ್ಡಿ:
ಎಲ್ಲಾ ಗೊತ್ತಾಯಿತು. ಒಂದೊಂದಾಗಿ ನೋಡೋಣ.

ಬ್ಯಾಟರಿ ಖಾಲಿಯಾಗಲು ಕಾರಣ ಆ ಎರಡು ಕಾಲಿನ ಜ್ಯಾಕ್. ಅಲ್ಲಿ ಸ್ಟೀರಿಯೋ ಜ್ಯಾಕ್ ಇರಬೇಕು. ಅದರ ಮೂರನೇ ಕಾಲು, ಅಂದರೆ ರಿಂಗ್, ಬ್ಯಾಟರಿಯ ಸ್ವಿಚ್ ಇದ್ದ ಹಾಗೆ. ಕಪ್ಪು ವೈರ್ ರಿಂಗ್‌ಗೆ ಹೋಗುತ್ತದೆ. ಗಿಟಾರ್ ಕೇಬಲ್‌ನ ಮೋನೋ ಪಿನ್ ಒಳಗೆ ಹೋದಾಗ ಅದರ ಉದ್ದನೆಯ ಸ್ಲೀವ್ ಭಾಗ ರಿಂಗ್ ಮತ್ತು ಸ್ಲೀವ್ ಎರಡನ್ನೂ ಸೇರಿಸುತ್ತದೆ, ಸರ್ಕ್ಯೂಟ್ ಶುರುವಾಗುತ್ತದೆ. ಯಾರೋ ಮೋನೋ ಜ್ಯಾಕ್ ಹಾಕಿ ಕಪ್ಪು ವೈರನ್ನು ನೇರ ಅರ್ತ್‌ಗೆ ಬೆಸೆದಿದ್ದಾರೆ, ಹಾಗಾಗಿ ಹಗಲೂ ರಾತ್ರಿ ಆನ್. ಲೆಕ್ಕ ನೋಡಿ: ಆಲ್ಕಲೈನ್ 9 ವೋಲ್ಟ್ ಬ್ಯಾಟರಿ ಸುಮಾರು 500 ಮಿಲಿಆಂಪಿಯರ್-ಗಂಟೆ. ಅದನ್ನು 1.6ರಿಂದ ಭಾಗಿಸಿದರೆ 312 ಗಂಟೆ, ಅಂದರೆ 13 ದಿನ. ನೀವು ಹೇಳಿದ್ದೂ ಅಷ್ಟೇ.

ಸ್ವಿಚ್‌ಕ್ರಾಫ್ಟ್ 12ಬಿ ಸ್ಟೀರಿಯೋ ಜ್ಯಾಕ್ ತರಿಸಿ. 11 ಅಂತ ಇರುವುದು ಮೋನೋ, ಅದು ಬೇಡ. ಟಿಪ್‌ಗೆ (ದನಿ ಹೊರಹೋಗುವ ಕಾಲು) ವಾಲ್ಯೂಮ್‌ನ ನಡುಗಾಲಿನಿಂದ ಬರುವ ವೈರ್, ಸ್ಲೀವ್‌ಗೆ ಅರ್ತ್, ರಿಂಗ್‌ಗೆ ಬ್ಯಾಟರಿಯ ಕಪ್ಪು ವೈರ್ ಮಾತ್ರ. ಬೆಸೆದ ಮೇಲೆ ಬ್ಯಾಟರಿ ಹಾಕುವ ಮುಂಚೆ ರಿಂಗ್-ಸ್ಲೀವ್ ಅಳೆಯಿರಿ: ಕೇಬಲ್ ಇಲ್ಲದಾಗ ಓಪನ್, ಕೇಬಲ್ ಹಾಕಿದಾಗ 1 ಓಮ್‌ಗಿಂತ ಕಡಿಮೆ. ಇನ್ನು ಮುಂದೆ ನುಡಿಸಿ ಮುಗಿದ ಮೇಲೆ ಕೇಬಲ್ ತೆಗೆದಿಡುವುದು ಕಡ್ಡಾಯ.

ಎರಡನೆಯದು ಕರಕರ. ಆಕ್ಟಿವ್, ಅಂದರೆ ಬ್ಯಾಟರಿ ಇರುವ, ವಾದ್ಯದಲ್ಲಿ ಕ್ಲೀನರ್‌ಗೆ ಬಗ್ಗದ ಕರಕರ ಕಂಡರೆ ಪಾಟ್ ಮೇಲೆ ಡಿಸಿ ಇದೆಯಾ ಅಂತ ಮೊದಲು ನೋಡಬೇಕು. ಕೆಲವು ಮಿಲಿವೋಲ್ಟ್ ಇದ್ದರೆ ಪರವಾಗಿಲ್ಲ. ನಿಮ್ಮದು 400 ಮಿಲಿವೋಲ್ಟ್. ಐಸಿಯ ಔಟ್‌ಪುಟ್‌ನಲ್ಲಿ ಬ್ಯಾಟರಿಯ ಸುಮಾರು ಅರ್ಧ, 4.5 ವೋಲ್ಟ್, ಯಾವಾಗಲೂ ನಿಂತಿರುತ್ತದೆ. ಅದು ಪಾಟ್‌ಗೆ ದಾಟದ ಹಾಗೆ ತಡೆಯುವುದು ನಡುವಿನ ಕೆಪಾಸಿಟರ್. ವಯಸ್ಸಾಗಿ ಅದು ಸೋರುತ್ತಿದೆ. ಪಾಟ್ ಚೆನ್ನಾಗಿಯೇ ಇರಬಹುದು, ಅದನ್ನು ಬಿಸಾಡಬೇಡಿ. ಕೆಪಾಸಿಟರ್ ಮೇಲೆ ಬರೆದಷ್ಟೇ ಮೈಕ್ರೋಫ್ಯಾರಡ್, 25 ವೋಲ್ಟ್ ಅಥವಾ ಮೇಲಿನದು ಹಾಕಿ. ಎಲೆಕ್ಟ್ರೊಲಿಟಿಕ್ ಆದರೆ ಪ್ಲಸ್ ತುದಿ ಐಸಿ ಕಡೆಗೆ. ಬರಹ ಅಳಿಸಿದ್ದರೆ 1 ಮೈಕ್ರೋಫ್ಯಾರಡ್ ಫಿಲ್ಮ್ ಸಾಕು. 25 ಕಿಲೋ ಓಮ್ ಪಾಟ್ ಜೊತೆ ಅದು 6 ಹರ್ಟ್ಸ್‌ವರೆಗೂ ಬಿಡುತ್ತದೆ, ಇ ತಂತಿಯ 41 ಹರ್ಟ್ಸ್‌ಗೆ ಏನೂ ಆಗದು. ಕೈಗೆ ಸಿಕ್ಕಿತೆಂದು 0.1 ಹಾಕಿದರೆ 64 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಇಳಿದುಹೋಗಿ, ಇಷ್ಟು ಚೆಂದದ ತಳ ಸಪ್ಪೆಯಾಗುತ್ತದೆ.

ಮೂರನೆಯದು ಐಸಿ. ಇಲ್ಲಿ ಮೂಲದಲ್ಲಿ ಇದ್ದದ್ದು ಎಲ್‌ಎಂ 4250. ಅದರ 8ನೇ ಕಾಲಿನಿಂದ ಹೊರಡುವ ಒಂದು ರೆಸಿಸ್ಟರ್ ಅದು ಎಷ್ಟು ಕರೆಂಟ್ ಕುಡಿಯಬೇಕು ಅಂತ ನಿಗದಿ ಮಾಡುತ್ತದೆ. ನಿಮ್ಮ ಬೋರ್ಡ್‌ನಲ್ಲೂ ಆ ರೆಸಿಸ್ಟರ್ ಇದ್ದರೆ ಬೋರ್ಡ್ ಮೂಲದ್ದೇ, ಐಸಿ ಮಾತ್ರ ಬದಲಾಗಿದೆ ಅಂತ ಅರ್ಥ. ಟಿಎಲ್ 071ರಲ್ಲಿ 8ನೇ ಕಾಲು ಒಳಗೆ ಎಲ್ಲಿಗೂ ಸೇರಿಲ್ಲ. ಮಿಕ್ಕ ಮುಖ್ಯ ಕಾಲುಗಳು (2, 3, 4, 6, 7) ಎರಡರಲ್ಲೂ ಒಂದೇ. ಆದ್ದರಿಂದ ಕೆಲಸ ಮಾಡುತ್ತಿದೆ, ಆದರೆ 1.4 ಮಿಲಿಆಂಪಿಯರ್‌ನಷ್ಟು ಅದೊಂದೇ ಕುಡಿಯುತ್ತದೆ. ನನ್ನ ಅಭಿಪ್ರಾಯ: ಸದ್ಯ ಹಾಗೇ ಬಿಡಿ. ಜ್ಯಾಕ್ ಸರಿಯಾದರೆ ಒಂದು ಬ್ಯಾಟರಿ 300 ಗಂಟೆ ನುಡಿಸಲು ಬರುತ್ತದೆ. ಹಳೇ ಬೋರ್ಡ್‌ನ ತಾಮ್ರದ ಪಟ್ಟಿ ಪದೇಪದೇ ಬಿಸಿ ತಾಳುವುದಿಲ್ಲ. ಮುಂದೆ ಬದಲಿಸಲೇಬೇಕಾದರೆ ಟಿಎಲ್ 061 ಹಾಕಿ, 0.2 ಮಿಲಿಆಂಪಿಯರ್ ಸಾಕು ಅದಕ್ಕೆ, ಮತ್ತು ಐಸಿ ಸಾಕೆಟ್ ಬೆಸೆದು ಕೂರಿಸಿ.

ಐಸಿ ಸರಿ ಇದೆಯಾ ಅಂತ ನೋಡಲು 4ನೇ ಕಾಲಿಗೆ ಕಪ್ಪು ಪ್ರೋಬ್ ಇಟ್ಟು 7ರಲ್ಲಿ 9 ವೋಲ್ಟ್, 6ರಲ್ಲಿ ಅದರ ಅರ್ಧ ಇದೆಯಾ ನೋಡಿ. 3ನೇ ಕಾಲಿನಲ್ಲಿ ಅಳೆಯಬೇಡಿ. ಅಲ್ಲಿ ರೆಸಿಸ್ಟರ್‌ಗಳು ದೊಡ್ಡವು, ಮೀಟರ್‌ನ 10 ಮೆಗಾಓಮ್ ಕೂಡ ವೋಲ್ಟೇಜ್ ಎಳೆದು ತಪ್ಪು ಅಂಕಿ ತೋರಿಸುತ್ತದೆ. ಬ್ಯಾಟರಿ ಕ್ಲಿಪ್ ಒಂದು ಕ್ಷಣವೂ ತಿರುಗುಮುರುಗಾಗಿ ತಾಗಬಾರದು, ಐಸಿ ಸುಡುತ್ತದೆ.

ಕೊನೆಗೆ ಗುಂಯ್ ಸದ್ದು. ಬ್ರಿಜ್‌ನ ಅರ್ತ್ ವೈರ್ ಕಡಿದಿದೆ ಅಥವಾ ಬ್ರಿಜ್ ಅಡಿ ಜಂಗು ಹಿಡಿದು ಬಿಟ್ಟಿದೆ. ಬ್ರಿಜ್ ಸ್ಕ್ರೂ ಬಿಚ್ಚಿ, ವೈರ್ ತುದಿ ಕೆರೆದು ಹೊಳೆಯಿಸಿ, ಲೋಹಕ್ಕೆ ಒತ್ತುವಂತೆ ಹರಡಿ ಮತ್ತೆ ಬಿಗಿ ಮಾಡಿ. ಅಳತೆ 1 ಓಮ್ ಆಸುಪಾಸಿಗೆ ಬರಬೇಕು. ಆಮೇಲೂ ತಂತಿ ಮುಟ್ಟಿದಾಗ ಸದ್ದು ಇಳಿಯದಿದ್ದರೆ ಪಿಕಪ್ (ತಂತಿಯ ಕಂಪನ ಹಿಡಿಯುವ ಆಯಸ್ಕಾಂತದ ಭಾಗ) ನೋಡೋಣ: ಎರಡು ಕಾಯಿಲ್ ಪ್ಯಾರಲಲ್ ಆಗಿರುವುದರಿಂದ ಒಂದು ಕಡಿದರೂ ದನಿ ಬರುತ್ತಲೇ ಇರುತ್ತದೆ, ಗುಂಯ್ ತಡೆಯುವ ಶಕ್ತಿ ಮಾತ್ರ ಹೋಗುತ್ತದೆ. ಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ಎಂಟು ಕಂಬಗಳನ್ನೂ ಮೆಲ್ಲಗೆ ತಟ್ಟಿ. ಒಂದು ಸಾಲು ಟಕ್ ಅಂದು ಇನ್ನೊಂದು ಸಾಲು ಮಂಕಾದರೆ ಅದೇ ಕಡಿದ ಕಾಯಿಲ್.

ಹದಿನೇಳನೇಫ್ರೆಟ್:
ಎಲೆಕ್ಟ್ರಾನಿಕ್ಸ್ ಬಗ್ಗೆ ಮೇಲಿನವರು ಹೇಳಿದ ಮೇಲೆ ನಾ ಸೇರಿಸೋದು ಏನೂ ಇಲ್ರೀ. ಜಿ ತಂತಿ ಬಗ್ಗೆ ಹೇಳ್ತೀನಿ. ಈ ಮಾದರಿಯಲ್ಲಿ ಜಿ ಮೆತ್ತಗೆ ಅನ್ನೋದು ಬಹಳ ಹಳೇ ಮಾತು. ಆದರೆ ಪಿಕಪ್ ಮುಟ್ಟೋ ಮುಂಚೆ ನೆಕ್ ಸರಿ ಮಾಡಿಕೊಳ್ಳಿ, ಇಲ್ಲಾಂದ್ರೆ ಎರಡೆರಡು ಸಲ ಕೆಲಸ.

1ನೇ ಫ್ರೆಟ್‌ಗೆ ಕ್ಯಾಪೋ (ತಂತಿ ಒತ್ತಿ ಹಿಡಿಯೋ ಕ್ಲಿಪ್), ಕೊನೇ ಫ್ರೆಟ್ ಬೆರಳಲ್ಲಿ ಒತ್ತಿ, 7-8ನೇ ಫ್ರೆಟ್ ಹತ್ತಿರ ಇ ತಂತಿ ಅಡಿ ಸಂದು ನೋಡಿ. 0.3 ಮಿ.ಮೀ. ಸುತ್ತ ಇರಲಿ. ಜಾಸ್ತಿ ಇದ್ದರೆ ಟ್ರಸ್ ರಾಡ್ (ನೆಕ್ ಒಳಗಿನ ಲೋಹದ ಸರಳು) ಬಿಗಿ, ಕಡಿಮೆ ಇದ್ದರೆ ಸಡಿಲ. ಒಂದು ಸಲಕ್ಕೆ ಕಾಲು ಸುತ್ತು, ಆಮೇಲೆ ಒಂದು ರಾತ್ರಿ ಬಿಡಿ. ಅಮೆರಿಕದ ವಾದ್ಯ, ರಾಡ್ ತಿರುಗಿಸೋ ಕೀ ಇಂಚಿನ ಅಳತೆದು. 1/8 ಇಂಚು ಅಂದ್ರೆ 3.175 ಮಿ.ಮೀ.; ನಮ್ಮ ಅಂಗಡಿಯ 3 ಮಿ.ಮೀ. ಕೀ ಒಳಗೆ ಹೋಗುತ್ತೆ, ಆದರೆ ಮೂಲೆ ಸವೆಸಿಬಿಡುತ್ತೆ. ನೆಕ್ ಪ್ಲೇಟ್‌ನಲ್ಲಿ ಕಾಣೋ ಇನ್ನೊಂದು ಸಣ್ಣ ತೂತು ಮೈಕ್ರೋ-ಟಿಲ್ಟ್, ನೆಕ್ ಓರೆ ಬದಲಿಸೋದಕ್ಕೆ. ಮೂರು ಬೋಲ್ಟ್ ಸಡಿಲ ಮಾಡದೆ ಅದನ್ನ ತಿರುಗಿಸಬೇಡಿ.

ತಂತಿ ಎತ್ತರ 12ನೇ ಫ್ರೆಟ್ ಮೇಲೆ ಇ 2.4, ಜಿ 2.0 ಮಿ.ಮೀ.ಗೆ ಇಟ್ಟು, ಆಮೇಲೆ ಪಿಕಪ್. ಕೊನೇ ಫ್ರೆಟ್ ಒತ್ತಿ ಹಿಡಿದಾಗ ಇ ಕಡೆ 3.5, ಜಿ ಕಡೆ 2.5 ಮಿ.ಮೀ.ನಿಂದ ಶುರು ಮಾಡಿ. ಮೂರು ಸ್ಕ್ರೂ ಇರೋದರಿಂದ ಒಂದನ್ನೇ ಪೂರ್ತಿ ತಿರುಗಿಸಬೇಡಿ, ಅರ್ಧರ್ಧ ಸುತ್ತು ಹಂಚಿ. ಇ ಕಡೆ ತೀರಾ ಮೇಲೆ ಬಂದರೆ ಆಯಸ್ಕಾಂತ ತಂತೀನ ಎಳೆದು ಮೇಲಿನ ಫ್ರೆಟ್‌ಗಳಲ್ಲಿ ಶ್ರುತಿ ಅಲುಗಾಡುತ್ತೆ, ಎರಡು ಸ್ವರ ಒಟ್ಟಿಗೆ ಕೇಳಿದ ಹಾಗೆ.

ಬ್ರಿಜ್ ಮೇಲಿನ ಮ್ಯೂಟ್‌ಗಳ (ತಂತಿಗೆ ಒತ್ತಿ ದನಿ ತಗ್ಗಿಸೋ ಪಟ್ಟಿಗಳು) ಫೋಮ್ ಅಂಟಂಟಾಗಿದ್ದರೆ ಕೆರೆದು ತೆಗೆದು ಹೊಸ ಫೋಮ್ ಅಂಟಿಸಿ, ಲೋಹದ ಪಟ್ಟಿ ಎಸೀಬೇಡಿ. ತಂತಿ ಕೊಳ್ಳುವಾಗ ಮೈ ಹಿಂದಿನಿಂದ ತೂರಿಸಲು ಸಾಕಾಗುವಷ್ಟು ಉದ್ದದ ಸೆಟ್ ಅಂತ ಕೇಳಿ. 34 ಇಂಚಿನ ಬೇಸ್‌ಗೆ ಅಂತ ಮಾರೋ ಸೆಟ್‌ಗಳಲ್ಲಿ ಕೆಲವು ಎಟುಕೋದಿಲ್ಲ.

ಮಂದ್ರತಂತಿ:
ಜ್ಯಾಕ್, ಕೆಪಾಸಿಟರ್, ಬ್ರಿಜ್ ವೈರ್ ಮೂರೂ ಆಯಿತು. ಕೇಬಲ್ ಇಲ್ಲದಾಗ ಕರೆಂಟ್ ಸೊನ್ನೆ. ಪಾಟ್ ಮೇಲೆ 2 ಮಿಲಿವೋಲ್ಟ್, ಕರಕರ ಪೂರ್ತಿ ಹೋಯಿತು. ಎರಡು ಸಾಲು ಕಂಬಗಳೂ ಒಂದೇ ಥರ ಟಕ್ ಅನ್ನುತ್ತವೆ. ಎರಡು ಪ್ರಶ್ನೆ: ನಾಬ್‌ಗಳಲ್ಲಿ ನಡುವೆ ತಡೆ ಇಲ್ಲ, ಫ್ಲಾಟ್ (ಹೆಚ್ಚಿಸದೆ ತಗ್ಗಿಸದೆ ದನಿ ಇದ್ದ ಹಾಗೇ ಬರುವ ಜಾಗ) ಎಲ್ಲಿ? ಇನ್ನೊಂದು, ಒಂದು ಕೋಣೆಯ ಪ್ಲಗ್‌ನಲ್ಲಿ ಮಾತ್ರ ತಂತಿ ಮುಟ್ಟಿದರೆ ಗುಂಯ್ *ಹೆಚ್ಚಾಗುತ್ತದೆ*.

ಬೆಸುಗೆಕಡ್ಡಿ:
ಎರಡನೆಯದಕ್ಕೆ ಮೊದಲು ಉತ್ತರ. ಆ ಪ್ಲಗ್‌ನಲ್ಲಿ ನುಡಿಸುವುದನ್ನು ಈಗಲೇ ನಿಲ್ಲಿಸಿ. ಅರ್ತ್ ಇಲ್ಲದಿರಬಹುದು, ಅಥವಾ ಫೇಸ್-ನ್ಯೂಟ್ರಲ್ ಅದಲುಬದಲಾಗಿರಬಹುದು. ಬ್ರಿಜ್ ಈಗ ಆಂಪ್‌ನ ಅರ್ತ್‌ಗೆ ಸೇರಿದೆ, ಆಂಪ್ ಕೆಟ್ಟರೆ 230 ವೋಲ್ಟ್ ನೇರ ನಿಮ್ಮ ಕೈಗೆ. ಎರಡು ಪಿನ್ ಅಡಾಪ್ಟರ್ ಬಳಸಿದ್ದರೆ ತೆಗೆದುಬಿಡಿ, ಎಲೆಕ್ಟ್ರಿಷಿಯನ್ ಕರೆಸಿ ಮೂರು ಪಿನ್ ಅರ್ತ್ ಪರೀಕ್ಷೆ ಮಾಡಿಸಿ.

ಫ್ಲಾಟ್: ಬೇಸ್ ನಾಬ್ ಹೆಚ್ಚಿಸುವುದಕ್ಕೆ ಮಾತ್ರ, ಟ್ರೆಬಲ್ ಹೆಚ್ಚಿಸುತ್ತದೆ, ತಗ್ಗಿಸುತ್ತದೆ. ಬೇಸ್ ಪೂರ್ತಿ ಕೆಳಗೆ, ಟ್ರೆಬಲ್ ನಡುವೆ ಇಟ್ಟು ಶುರು ಮಾಡಿ, ಬೇಸ್ ಕಿವಿಗೆ ಹಿತವಾಗುವಷ್ಟು ಏರಿಸಿ. ಆಂಪ್‌ನಲ್ಲಿ ಆಕ್ಟಿವ್ ಇನ್‌ಪುಟ್ ಇದ್ದರೆ ಅದಕ್ಕೇ ಹಾಕಿ. ಜೋರಾಗಿ ಮೀಟಿದಾಗ ಮಾತ್ರ ದನಿ ಒಡೆದರೆ ಬ್ಯಾಟರಿ ಅಳೆಯಿರಿ, 7.5 ವೋಲ್ಟ್‌ಗಿಂತ ಇಳಿದಿದ್ದರೆ ಬದಲಿಸಿ. ಬಿಚ್ಚಿದ ಹಳೇ ಕೆಪಾಸಿಟರ್ ಅನ್ನು ಒಂದು ಕವರಿಗೆ ಹಾಕಿ ಕೇಸ್‌ನಲ್ಲೇ ಇಟ್ಟಿರಿ.