ಮಂಡಿ ಜಾರಿದ ಕಾಲು: ಪಾದದಲ್ಲಿ ನಾಡಿ ಸಿಕ್ಕರೆ ಸಾಕಾ?

ಪ್ರಶ್ನೆ: ನಾನು ತುರ್ತು ವಿಭಾಗದ ಕಿರಿಯ ಡಾಕ್ಟರ್. ಅಪಘಾತದಲ್ಲಿ ಮಂಡಿ ಕೀಲು ಜಾರಿದವರೊಬ್ಬರು ಬಂದಿದ್ದರು. ಕೀಲು ಕೂರಿಸಿದ ಮೇಲೆ ನಾಡಿ ಚೆನ್ನಾಗೇ ಸಿಕ್ಕಿತು. ಆದರೂ ಸೀನಿಯರ್ ಬಿಡಲಿಲ್ಲ, ಡಾಪ್ಲರ್ (ಶಬ್ದದ ಅಲೆಗಳಿಂದ ರಕ್ತದ ಹರಿವು ಪತ್ತೆ ಮಾಡುವ ಉಪಕರಣ) ತರಿಸಿದರು. ಯಾಕೆ? ಹಾಗೇ, ಕುತ್ತಿಗೆಗೆ ಚಾಕು ತಾಗಿದವರನ್ನೆಲ್ಲ ಆಪರೇಷನ್ ಥಿಯೇಟರ್‌ಗೆ ಒಯ್ಯಬೇಕಾ?

ಉತ್ತರ 1: ನಿಮ್ಮ ಸೀನಿಯರ್ ಮಾಡಿದ್ದು ಸರಿ. ರಕ್ತನಾಳದ ಸರ್ಜರಿ ಮಾಡುವವನಾಗಿ ಹೇಳುತ್ತೇನೆ, ಈ ಮಂಡಿಗಳಷ್ಟು ನನ್ನನ್ನು ಹೆದರಿಸುವುದು ಬೇರೆ ಇಲ್ಲ. ಮಂಡಿ ಹಿಂದಿನ ಪಾಪ್ಲಿಟಿಯಲ್ ಅಪಧಮನಿಗೆ ಮೇಲೂ ಕೆಳಗೂ ಬಿಗಿ ಹಿಡಿತ ಇರುತ್ತದೆ. ಕೀಲು ಜಾರಿದಾಗ ಅದು ಜಗ್ಗಿ, ಒಳಪದರ ಮಾತ್ರ ಹರಿಯಬಹುದು. ಆಗ ನಾಡಿ ಸಿಗುತ್ತದೆ. ಗಂಟೆಗಳಾದ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಅದಕ್ಕೇ ಬೆರಳನ್ನಷ್ಟೇ ನಂಬಬೇಡಿ. ಡಾಪ್ಲರ್ ಇಟ್ಟು ಅಳೆದ ಕಾಲಿನ ರಕ್ತದೊತ್ತಡವನ್ನು ಕೈಯ ರಕ್ತದೊತ್ತಡದಿಂದ ಭಾಗಿಸಿ. 0.9ಕ್ಕಿಂತ ಕಡಿಮೆ ಬಂದರೆ ಸಿಟಿ ಆಂಜಿಯೋ (ರಕ್ತನಾಳ ತೋರಿಸುವ ಸಿಟಿ ಸ್ಕ್ಯಾನ್). ಜಾಸ್ತಿ ಇದ್ದರೂ ಮತ್ತೆ ಮತ್ತೆ ನೋಡುತ್ತಿರಿ. ನಾಡಿಯೇ ಇಲ್ಲ, ಕಾಲು ತಣ್ಣಗಿದೆ ಅಂದರೆ ಸರ್ಜನ್‌ಗೆ ತಕ್ಷಣ ಹೇಳಿ. ರಕ್ತ ನಿಂತು 6 ಗಂಟೆ ದಾಟಿದರೆ ಕಾಲು ಉಳಿಸುವುದು ತುಂಬಾ ಕಷ್ಟ.

ಉತ್ತರ 2: ಕುತ್ತಿಗೆ ವಿಷಯ. ಎಲ್ಲರನ್ನೂ ಒಯ್ಯಬೇಕಿಲ್ಲ. ರಕ್ತ ಚಿಮ್ಮುತ್ತಿದ್ದರೆ, ಊತ ಬೆಳೆಯುತ್ತಿದ್ದರೆ, ಷಾಕ್ (ರಕ್ತದೊತ್ತಡ ಕುಸಿದ ಸ್ಥಿತಿ) ಇದ್ದರೆ ನೇರ ಥಿಯೇಟರ್. ಸ್ಥಿರವಾಗಿದ್ದರೆ ಸಿಟಿ ಆಂಜಿಯೋ. ಗಾಯದೊಳಗೆ ಸುಮ್ನೆ ಕೆದಕಬೇಡಿ. ಒತ್ತಿ ಹಿಡಿದರೂ ನಿಲ್ಲದಿದ್ದರೆ ಫೋಲಿ ಕ್ಯಾಥೆಟರ್ (ತುದಿಯಲ್ಲಿ ಬಲೂನ್ ಇರುವ ಮೂತ್ರದ ನಳಿಕೆ) ಗಾಯದ ಒಳಗಿಟ್ಟು ಬಲೂನ್ ಉಬ್ಬಿಸಬಹುದು.

ಉತ್ತರ 3: ಅರಿವಳಿಕೆಯವಳ ಮಾತನ್ನೂ ಕೇಳಿ. ಊತ ಬೆಳೆಯುತ್ತಿದ್ದರೆ ನಮ್ಮನ್ನು ಮೊದಲೇ ಕರೆಯಿರಿ. ಆಮೇಲೆ ಉಸಿರಾಟದ ಟ್ಯೂಬ್ ಹಾಕಲು ಜಾಗವೇ ಇರಲ್ಲ, ಅಲ್ವಾ?

ಪ್ರಶ್ನೆ ಕೇಳಿದವರು: ಅನುಪಾತ 0.8 ಬಂದಿತ್ತು. ಸಿಟಿಯಲ್ಲಿ ಒಳಪದರ ಹರಿದಿದ್ದು ಕಂಡಿದೆ.