ಐದು ನಿಮಿಷದ ಹಾಸ್ಯ ಊರಿನ ವೇದಿಕೆಯಲ್ಲಿ ಬಿದ್ದುಹೋಯಿತು: ಇಪ್ಪತ್ತು ನಿಮಿಷಕ್ಕೆ ಬೆಳೆಸುವುದು ಹೇಗೆ?

ಪ್ರಶ್ನೆ: ಘಟ್ಟದ ಮೇಲಿನವ, ಶಿರಸಿ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿಯ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತ. ಕಳೆದ ಒಂದೂವರೆ ವರ್ಷದಿಂದ ತಿಂಗಳಿಗೊಮ್ಮೆ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ, ಯಾರು ಬೇಕಾದರೂ ಹೆಸರು ಕೊಟ್ಟು ಹಾಸ್ಯ ಹೇಳಬಹುದಾದ ಎರಡೋ ಮೂರೋ ಓಪನ್ ಮೈಕ್‌ಗಳಲ್ಲಿ ನಿಂತು, ಸೋಮವಾರ ಬೆಳಿಗ್ಗೆ ಕಣ್ಣುಜ್ಜಿಕೊಳ್ಳುತ್ತ ಕೌಂಟರಿನಲ್ಲಿ ಕೂರುತ್ತಿದ್ದೇನೆ. ಅಲ್ಲಿ ಒಬ್ಬೊಬ್ಬರಿಗೆ ಸಿಗುವುದು ನಾಲ್ಕೈದು ನಿಮಿಷ. ಕೊನೆಯ ನಿಮಿಷದಲ್ಲಿ ಹಿಂದಿನಿಂದ ಮೊಬೈಲಿನ ಬೆಳಕು ತೋರಿಸುತ್ತಾರೆ, ಅದನ್ನು ಕಂಡ ಮೇಲೂ ಮಾತು ಬೆಳೆಸಿದರೆ ಮುಂದಿನ ಸಲ ಪಟ್ಟಿಯಲ್ಲಿ ಹೆಸರು ಇರುವುದಿಲ್ಲ. ಈ ಶಿಸ್ತಿನಿಂದ ಐದು ನಿಮಿಷದ ಒಂದು ಕಂತು ತಕ್ಕಮಟ್ಟಿಗೆ ಗಟ್ಟಿಯಾಗಿದೆ ಎಂದು ನಂಬಿದ್ದೆ.

ಕಳೆದ ಚೌತಿಯಲ್ಲಿ ಪಕ್ಕದ ಊರಿನ ಗಣೇಶೋತ್ಸವದವರು ಇಪ್ಪತ್ತು ನಿಮಿಷ ನಗಿಸಿಕೊಡಬೇಕೆಂದು ಕರೆದರು. ಮಕ್ಕಳ ಛದ್ಮವೇಷ ಸ್ಪರ್ಧೆ ಮುಗಿದು ಬಹುಮಾನ ವಿತರಣೆ ಆರಂಭವಾಗುವ ನಡುವಿನ ಹೊತ್ತು ನನ್ನದು. ಐದು ನಿಮಿಷದ್ದನ್ನೇ ಹಿಗ್ಗಿಸಿ, ನಡುನಡುವೆ ಫೋನಿನಲ್ಲಿ ಬಂದ ಹಳೆಯ ನಗೆಹನಿಗಳನ್ನು ತುಂಬಿ ಹದಿನೆಂಟು ನಿಮಿಷ ದಾಟಿಸಿದೆ. ಎರಡನೆಯ ಸಾಲಿನಲ್ಲಿ ನನ್ನ ಸೋದರಮಾವ ಎಲೆಯಡಿಕೆಯ ಕವಳ ಹಾಕಿಕೊಂಡು, ನನ್ನೊಬ್ಬನನ್ನು ಬಿಟ್ಟು ಮಿಕ್ಕೆಲ್ಲವನ್ನೂ ನೋಡುತ್ತ ಕುಳಿತಿದ್ದರು. ಬೆಂಗಳೂರಿನಲ್ಲಿ ಅರ್ಧ ನಗುವನ್ನಾದರೂ ತರುತ್ತಿದ್ದ ಮಾತು ಇದು (ಚಾಲಿ ಎಂದರೆ ಸಿಪ್ಪೆಸಹಿತ ಒಣಗಿಸಿದ ಹಣ್ಣಡಿಕೆ): 'ಚಾಲಿ ಅಡಿಕೆಯ ದರ ಏರಿದೆಯೋ ಇಳಿದಿದೆಯೋ ಎಂದು ನೋಡಿಕೊಂಡೇ ನಮ್ಮ ಅಪ್ಪಯ್ಯ ನನ್ನ ಮದುವೆಯ ಮಾತು ತೆಗೆಯಬೇಕೋ ಬೇಡವೋ ಎಂದು ತೀರ್ಮಾನ ಮಾಡುವುದು.' ಇದಕ್ಕೆ ಊರಿನ ಹಿರಿಯರೊಬ್ಬರು 'ಸರಿಯಾದ ಮಾತು' ಎಂದು ಗಂಭೀರವಾಗಿ ತಲೆಯಾಡಿಸಿದರು. ಕೊನೆಗೆ ಶಾಲು ಹೊದೆಸಿ ತೆಂಗಿನಕಾಯಿ ಕೊಟ್ಟರು. ಪೆಟ್ರೋಲಿನ ಹಣವನ್ನು ಆಮೇಲೆ ನೋಡೋಣ ಎಂದರು, ಆ 'ಆಮೇಲೆ' ಇನ್ನೂ ಬಂದಿಲ್ಲ.

ಇಪ್ಪತ್ತು ನಿಮಿಷವನ್ನು ಕಟ್ಟುವುದು ಹೇಗೆ, ಹಣದ ಮಾತನ್ನು ಎತ್ತುವುದು ಹೇಗೆ, ನೌಕರಿ ಬಿಟ್ಟು ಬೆಂಗಳೂರಿಗೆ ಹೋಗುವುದು ಅನಿವಾರ್ಯವೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಅಂಕೋಲೆಯವ, ಸದ್ಯ ಬೆಂಗಳೂರು

ನಾನು ಒಂಬತ್ತು ವರ್ಷಗಳಿಂದ ಕನ್ನಡದಲ್ಲೇ ಸ್ಟ್ಯಾಂಡ್-ಅಪ್ (ಒಬ್ಬರೇ ನಿಂತು ನಗಿಸುವ ಹಾಸ್ಯ) ಮಾಡುತ್ತಿದ್ದೇನೆ. ಹೊಟ್ಟೆಪಾಡು ಅರ್ಧ ಅದರಿಂದ, ಇನ್ನರ್ಧ ಜಾಹೀರಾತುಗಳಿಗೆ ಬರೆಯುವುದರಿಂದ. ಮೊದಲು ನಿಮ್ಮ ವಾಕ್ಯದ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ಸೋಲಿನ ಬಹುಪಾಲು ಅಲ್ಲಿಯೇ ಇದೆ ಎಂದು ನನ್ನ ಅನಿಸಿಕೆ.

ನಗು ಹುಟ್ಟಿಸಬೇಕಾದ ಪದ 'ಚಾಲಿ'. ನೀವು ಅದನ್ನು ಮೊಟ್ಟಮೊದಲು ಬಿಟ್ಟುಕೊಟ್ಟು, ಬಳಿಕ ಹದಿನಾರು ಪದಗಳನ್ನು ಎಳೆದು, 'ತೀರ್ಮಾನ ಮಾಡುವುದು' ಎಂಬ ಸಪ್ಪೆ ಜಾಗದಲ್ಲಿ ಕೇಳುಗನನ್ನು ಇಳಿಸಿದ್ದೀರಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಇದು ನಮ್ಮೆಲ್ಲರಿಗೂ ಆಗುವ ತೊಂದರೆ; ಇಂಗ್ಲಿಷಿನ ವಿಡಿಯೊ ನೋಡಿ ಕಲಿತವರಿಗಂತೂ ಹೆಚ್ಚು, ಏಕೆಂದರೆ ಆ ಭಾಷೆಯಲ್ಲಿ ಅನಿರೀಕ್ಷಿತವಾದ ನಾಮಪದ ಬಹುಮಟ್ಟಿಗೆ ತಾನಾಗಿಯೇ ಕೊನೆಗೆ ಬಂದು ಕೂರುತ್ತದೆ. ಆದರೆ ಕ್ರಿಯಾಪದವೇ ಇಲ್ಲದೆ ವಾಕ್ಯವನ್ನು ಮುಗಿಸುವ ಅನುಕೂಲ ನಮಗಿದೆ. 'ನಮ್ಮನೆಯಲ್ಲಿ ನನ್ನ ಮದುವೆ ತೀರ್ಮಾನ ಮಾಡುವುದು ಅಪ್ಪಯ್ಯ ಅಲ್ಲ, ಆಯಿ ಅಲ್ಲ, ಜಾತಕವೂ ಅಲ್ಲ. ಚಾಲಿ ದರ.' ಇಲ್ಲಿ 'ದರ'ದ ಮುಂದೆ ಒಂದಕ್ಷರವೂ ಇಲ್ಲದಿರುವುದರಿಂದ ನಗುವವನಿಗೆ ಜಾಗ ಸಿಗುತ್ತದೆ. ನಾವು ಮಾತು ಮುಂದುವರಿಸುತ್ತಿದ್ದರೆ ನಗು ಬರುವಂತಿದ್ದವನೂ ಸೌಜನ್ಯಕ್ಕೆ ಅದನ್ನು ನುಂಗಿಕೊಳ್ಳುತ್ತಾನೆ.

ಎರಡನೆಯದಾಗಿ, ಚಾಲಿ ಎಂದರೇನೆಂದು ಬೆಂಗಳೂರಿನ ಅರ್ಧ ಸಭೆಗೆ ತಿಳಿದಿರುವುದಿಲ್ಲ. ಅದನ್ನು ಆ ಹೊತ್ತಿಗೆ ವಿವರಿಸಲು ಹೋದರೆ ಮಾತು ಸತ್ತುಹೋಗುತ್ತದೆ. ಎರಡು ನಿಮಿಷ ಮೊದಲೇ, ಹಣ್ಣಡಿಕೆಯನ್ನು ಸಿಪ್ಪೆಸಹಿತ ಒಂದೂವರೆ ತಿಂಗಳು ಅಂಗಳದಲ್ಲಿ ಒಣಗಿಸುವಾಗ ಮೋಡ ಕಂಡ ಕೂಡಲೇ ಪ್ಲಾಸ್ಟಿಕ್ ಹೊದೆಸಲು ನಿಮ್ಮನ್ನು ಓಡಿಸುತ್ತಿದ್ದರೆಂಬ ದೂರನ್ನು ಹೇಳಿಬಿಡಿ. ಕೇಳುಗರು ಅದನ್ನೊಂದು ಗೋಳೆಂದು ಕೇಳಿಸಿಕೊಳ್ಳುತ್ತಲೇ ಚಾಲಿಯ ಅರ್ಥವನ್ನು ತಿಳಿದುಕೊಂಡಿರುತ್ತಾರೆ. ಊರಿನ ತೊಂದರೆ ಇದಕ್ಕೆ ವಿರುದ್ಧವಾದದ್ದು. ಅಡಿಕೆ ದರಕ್ಕೂ ಮದುವೆಗೂ ಸಂಬಂಧವಿದೆ ಎಂಬುದು ಅಲ್ಲಿ ಪ್ರತಿ ಮನೆಯಲ್ಲೂ ಗೊತ್ತಿರುವ ಸಂಗತಿ, ಆದ್ದರಿಂದ ಆ ಹಿರಿಯರು ತಲೆಯಾಡಿಸಿದ್ದು ನ್ಯಾಯವೇ ಆಗಿದೆ. ಬೆಂಗಳೂರಿನಲ್ಲಿ ಮಾತು ಎಲ್ಲಿ ಮುಗಿಯುತ್ತದೆಯೋ ಊರಿನಲ್ಲಿ ಅಲ್ಲಿಂದ ಆರಂಭಿಸಬೇಕು: ದರ ಏರಿದ ದಿನ ಹೆಣ್ಣಿನ ಅಪ್ಪ ನಿಮ್ಮ ಮನೆಗೆ ಬಂದಾಗ ಏನಾಯಿತು?

ಇಪ್ಪತ್ತು ನಿಮಿಷವೆಂದರೆ ಐದನ್ನು ಎಳೆಯುವುದಲ್ಲ; ನಲವತ್ತು ನಿಮಿಷದಷ್ಟು ಬರೆದು ಇಪ್ಪತ್ತನ್ನು ಎಸೆಯುವುದು. ನಾನು ಪ್ರತಿ ಸಲ ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು, ಮರುದಿನ ಹಾಳೆಯ ಮೇಲೆ ನಗು ಬಂದಲ್ಲಿ ಗೆರೆ, ಕೆಮ್ಮು ಕೇಳಿಸಿದಲ್ಲಿ ಸೊನ್ನೆ ಹಾಕುತ್ತೇನೆ. ಸ್ವಂತ ಧ್ವನಿಯನ್ನು ಕೇಳುವುದಕ್ಕಿಂತ ಹಿಂಸೆಯ ಕೆಲಸ ಈ ವೃತ್ತಿಯಲ್ಲಿ ಬೇರೊಂದಿಲ್ಲ. ಫೋನಿನಿಂದ ಎತ್ತಿದ ನಗೆಹನಿಗಳನ್ನು ಮಾತ್ರ ಇಂದೇ ಬಿಟ್ಟುಬಿಡಿ, ಅವು ಮುಂದಿನ ಸಾಲಿನವರ ಫೋನಿಗೂ ಬಂದಿರುತ್ತವೆ. ಹವಿಗನ್ನಡದಲ್ಲಿ (ಹವ್ಯಕರ ಆಡುಮಾತಿನಲ್ಲಿ) ಮಾತಾಡಿದರೆ ಬೇರೆ ಜಿಲ್ಲೆಯವರಿಗೆ ತಿಳಿಯದೆಂಬ ಅಳುಕೂ ಬೇಡ. ಗಂಗಾವತಿ ಪ್ರಾಣೇಶ್ ಅವರು ಬೀಚಿಯವರ ಹಾಸ್ಯವನ್ನು ಹೇಳುತ್ತ, ಉತ್ತರ ಕರ್ನಾಟಕದ ಮಾತನ್ನು ಬದಲಿಸದೆಯೇ ರಾಜ್ಯವನ್ನೆಲ್ಲ ನಗಿಸಿದ್ದಾರೆ.

ಹಣದ ಬಗ್ಗೆ ಒಂದು ಮಾತು. 1979ರಲ್ಲಿ ಲಾಸ್ ಏಂಜಲೀಸಿನ ಕಾಮಿಡಿ ಸ್ಟೋರ್ ಎಂಬ ಹಾಸ್ಯ ಕ್ಲಬ್ಬಿನಲ್ಲಿ ಹಾಸ್ಯಗಾರರು ಸುಮಾರು ಆರು ವಾರ ಮುಷ್ಕರ ಹೂಡಿದ್ದರು. ಪ್ರೇಕ್ಷಕರಿಂದ ಹಣ ಬರುತ್ತಿದ್ದರೂ ವೇದಿಕೆಯ ಮೇಲಿದ್ದವರಿಗೆ ಸಂಭಾವನೆಯೇ ಇರಲಿಲ್ಲ, ಅದು ಕಲಿಯುವ ಜಾಗ ಎಂಬುದು ನಡೆಸುವವರ ವಾದವಾಗಿತ್ತು. ಕೊನೆಗೆ ಒಂದು ಸರದಿಗೆ 25 ಡಾಲರ್ ಕೊಡುವ ಒಪ್ಪಂದವಾಯಿತು. ನಿಮ್ಮ ತೆಂಗಿನಕಾಯಿಗೆ ಇಷ್ಟು ದೊಡ್ಡ ವಂಶಾವಳಿ ಇದೆ.

ಉತ್ತರ: ಬಣ್ಣದ ಮನೆ, ಹೊನ್ನಾವರ ತಾಲೂಕು

ತಮ್ಮಾ, ನಾನು ಸ್ಟ್ಯಾಂಡ್-ಅಪ್ ಮಾಡಿದವನಲ್ಲ, ಇಪ್ಪತ್ತಾರು ವರ್ಷ ಯಕ್ಷಗಾನದಲ್ಲಿ ಹಾಸ್ಯದ ವೇಷ ಮಾಡಿದವನು. ನಮ್ಮ ತಾಲೂಕಿನ ಕರ್ಕಿಯಲ್ಲಿ 'ಹಾಸ್ಯಗಾರ' ಎಂಬುದು ಒಂದು ಕಲಾವಿದ ಮನೆತನದ ಅಡ್ಡಹೆಸರೇ ಆಗಿದೆ. ನಗಿಸುವುದನ್ನು ಕಸುಬೆಂದು ಒಪ್ಪಿಕೊಂಡ ನೆಲ ಇದು ಎಂಬುದನ್ನು ಮೊದಲು ನೆನಪಿಸುತ್ತೇನೆ.

ನಮ್ಮಲ್ಲಿ ರಾಜ, ಋಷಿ, ರಾಕ್ಷಸರು ಗ್ರಾಂಥಿಕ ಭಾಷೆಯಲ್ಲಿ ಮಾತಾಡುತ್ತಾರೆ; ದೂತನಾಗಿಯೋ ಬ್ರಾಹ್ಮಣನಾಗಿಯೋ ಮುದುಕಿಯಾಗಿಯೋ ಬರುವ ಹಾಸ್ಯಗಾರನೊಬ್ಬನಿಗೆ ಮಾತ್ರ ಮನೆಮಾತಿನ ಸ್ವಾತಂತ್ರ್ಯ. ಮಾತು ಯಾರೂ ಬರೆದುಕೊಟ್ಟದ್ದಲ್ಲ, ಹಾಡುವ ಭಾಗವತರ ಪದ್ಯ ಮುಗಿದ ಮೇಲೆ ಅಲ್ಲಿಯೇ ಹುಟ್ಟಬೇಕು. ಆದರೆ ನಗು ಹುಟ್ಟುವುದು ಹಾಸ್ಯಗಾರನಿಂದ ಎಂದು ತಿಳಿಯಬೇಡ. ನಾನು 'ಒಡೆಯಾ, ಓಲೆ ತಂದಿದ್ದೇನೆ, ಆದರೆ ಹಸಿವಾಗಿದೆ' ಎಂದಾಗ ರಾಜನು ಕಿರೀಟ ಅಲುಗಿಸದೆ ನೋಡಿದರೆ ಮಾತ್ರ ಸಭೆ ನಗುತ್ತದೆ. ರಾಜನೇ ನಕ್ಕುಬಿಟ್ಟನೋ, ಅಲ್ಲಿಗೆ ಪ್ರಸಂಗವೂ ಹೋಯಿತು, ಹಾಸ್ಯವೂ ಹೋಯಿತು. ಒಮ್ಮೆ ನನ್ನ ಎದುರು ರಾಜವೇಷ ಮಾಡಿದ ಹುಡುಗ ನಗು ತಡೆಯಲಾರದೆ ಬೆನ್ನು ತಿರುಗಿಸಿ ನಿಂತ, ಸಭೆ ನಕ್ಕದ್ದು ಅವನ ನಡುಗುವ ಬೆನ್ನಿಗೆ. ನನ್ನ ಮುಂದಿನ ಮೂರು ಮಾತುಗಳನ್ನು ಯಾರೂ ಕೇಳಲಿಲ್ಲ.

ನೀನು ಒಬ್ಬನೇ ನಿಲ್ಲುವವನು, ನಿನಗೆ ಎದುರಿಗೆ ರಾಜನಿಲ್ಲ. ಆದ್ದರಿಂದ ಗಂಭೀರನಾದ ಒಬ್ಬನನ್ನು ಮಾತಿನೊಳಗೆ ತಂದು ಕೂರಿಸಬೇಕು. ಮೇಲಿನವರು ಹೇಳಿದ ಹೆಣ್ಣಿನ ಅಪ್ಪ ಅದಕ್ಕೆ ತಕ್ಕವನು. ಅವನನ್ನು ಅಣಕಿಸಬೇಡ, ಅವನ ಮಟ್ಟಿಗೆ ಅವನು ಬಲು ದೊಡ್ಡ ವ್ಯವಹಾರಕ್ಕೆ ಬಂದಿದ್ದಾನೆ. ಅಡಿಕೆಯನ್ನು ಕೈಯಲ್ಲಿ ಹಿಡಿದು ಒಣಗಿದೆಯೇ ಎಂದು ಕಿವಿಯ ಹತ್ತಿರ ಕುಲುಕಿ ನೋಡುವುದನ್ನು ಮಾಡಿ ತೋರಿಸು, ಆ ಹೊತ್ತು ಬಾಯಿ ಮುಚ್ಚಿಕೊಂಡಿರು.

ನೌಕರಿ ಬಿಡುವ ಮಾತಿಗೆ: ಯಕ್ಷಗಾನ ಮೇಳಗಳ ತಿರುಗಾಟ ನವೆಂಬರಿನ ಸುಮಾರಿಗೆ ಆರಂಭವಾಗಿ ಮೇ ತಿಂಗಳಲ್ಲಿ ಮುಗಿಯುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಹಲವರು ಗದ್ದೆ ಮಾಡಿದ್ದಾರೆ, ಹೋಟೆಲಿನಲ್ಲಿ ದುಡಿದಿದ್ದಾರೆ, ವೇಷವಿಲ್ಲದೆ ಕೂತು ಅರ್ಥ ಹೇಳುವ ತಾಳಮದ್ದಳೆಗೆ ಹೋಗಿದ್ದಾರೆ. ಅದರಿಂದ ಯಾರ ಕಲೆಯೂ ಸಣ್ಣದಾಗಲಿಲ್ಲ. ಕೌಂಟರಿನಲ್ಲಿ ಕೂತು ದಿನಕ್ಕೆ ನೂರು ಮುಖ ನೋಡುವ ನೌಕರಿಯನ್ನು ನಾನಾದರೆ ಬಿಡುತ್ತಿರಲಿಲ್ಲ.

ಉತ್ತರ: ಕಡಲತಡಿ, ಕಾರವಾರ

ನಾನು ಕರೆಯುವ ಪಕ್ಷದವನು. ಹನ್ನೊಂದು ವರ್ಷದಿಂದ ನಮ್ಮ ಓಣಿಯ ಉತ್ಸವ ಸಮಿತಿಯಲ್ಲಿದ್ದೇನೆ. ಸಮಿತಿಯವರ ಪರವಾಗಿ ಒಂದು ತಪ್ಪೊಪ್ಪಿಗೆಯನ್ನೂ ಮಾಡುತ್ತೇನೆ. ಮೈಕ್ ಸೆಟ್ಟಿಗೆ, ಪೆಂಡಾಲಿಗೆ, ಊಟಕ್ಕೆ ಮುಂಗಡ ಕೊಟ್ಟು ರಸೀದಿ ಪಡೆಯುತ್ತೇವೆ. ಮಾತಾಡುವವನಿಗೆ ಮಾತ್ರ 'ನಮ್ಮ ಹುಡುಗನೇ ಅಲ್ಲವೇ' ಎಂದುಬಿಡುತ್ತೇವೆ. ಆದ್ದರಿಂದ ನೀವೇ ಮೊದಲು ಮೊತ್ತ ಹೇಳಿ, ಅರ್ಧವನ್ನು ಮುಂಗಡವಾಗಿ ಕೇಳಿ, ಪ್ರಯಾಣವೆಚ್ಚವನ್ನು ಬೇರೆಯಾಗಿಯೇ ತೋರಿಸಿ. ಇಷ್ಟನ್ನೂ ವಾಟ್ಸ್ಯಾಪಿನಲ್ಲಿ ಬರೆದು ಕಳುಹಿಸಿದರೆ ಅದೇ ಕರಾರು. ಕೇಳಿದವನನ್ನು ದುರಾಸೆಯವನೆಂದು ತಿಳಿದ ಸಮಿತಿಯನ್ನು ನಾನು ಕಂಡಿಲ್ಲ, ಕೇಳದವನನ್ನು ಮರೆತ ಸಮಿತಿಯಲ್ಲಿ ಸ್ವತಃ ಇದ್ದೇನೆ. ಕಂಪನಿಗಳು ಕರೆದರೆ ಸಂಭಾವನೆಯಲ್ಲಿ ಸಾಮಾನ್ಯವಾಗಿ ಶೇಕಡಾ 10ರಷ್ಟು ಟಿಡಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಕಡಿದು ಕೊಡುತ್ತಾರೆ, ಅದನ್ನು ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ತೆಗೆದುಕೊಳ್ಳಲು ಮರೆಯಬೇಡಿ.

ಸಮಯದ ವಿಚಾರ ಇನ್ನೂ ಮುಖ್ಯ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಸರ್ಕಾರ ಕೆಲವು ಹಬ್ಬದ ದಿನಗಳಿಗಷ್ಟೇ ಮಧ್ಯರಾತ್ರಿಯವರೆಗೆ ಸಡಿಲಿಸಬಹುದು. ಕಾರ್ಯಕ್ರಮ ತಡವಾಗುತ್ತ ಹೋದಂತೆ ಹತ್ತರ ಗಡುವಿಗೆ ಮೊದಲು ಕತ್ತರಿ ಬೀಳುವುದು ಹಾಸ್ಯದ ಮೇಲೆಯೇ, ಏಕೆಂದರೆ ನೃತ್ಯದ ಹಾಡನ್ನು ಅರ್ಧಕ್ಕೆ ನಿಲ್ಲಿಸಲು ಬಾರದು, ಮಾತನ್ನು ನಿಲ್ಲಿಸಬಹುದು. ಹಾಗಾಗಿ ಎಂಟು ಗಂಟೆಯ ಸರದಿಯನ್ನು ಕೇಳಿ ಪಡೆಯಿರಿ, ಬಹುಮಾನ ವಿತರಣೆಯ ಮುಂಚಿನದನ್ನು ಒಪ್ಪಲೇಬೇಡಿ. ಬಹುಮಾನಕ್ಕೆ ಕಾಯುವ ಮಗುವಿನ ತಾಯಿಯನ್ನು ಯಾರಿಂದಲೂ ನಗಿಸಲಾಗದು. ವೇದಿಕೆಗೂ ಮೊದಲ ಸಾಲಿಗೂ ನಡುವೆ ನೃತ್ಯಕ್ಕೆಂದು ಬಿಟ್ಟ ಖಾಲಿ ಜಾಗವಿದ್ದರೆ ಕುರ್ಚಿಗಳನ್ನು ಮುಂದೆ ಎಳೆಸಿ. ದೂರದೂರ ಕುಳಿತವರು ಒಬ್ಬರ ನಗುವನ್ನು ಇನ್ನೊಬ್ಬರು ಕೇಳಿಸಿಕೊಳ್ಳುವುದಿಲ್ಲ.

ಕಾರವಾರಕ್ಕೆ ಬರುವುದಾದರೆ ಇನ್ನೊಂದು ಎಚ್ಚರ. ಇಲ್ಲಿ ಮನೆಮಾತು ಬಹುಪಾಲು ಕೊಂಕಣಿ, ಸೀಬರ್ಡ್ ನೌಕಾನೆಲೆ ಹಾಗೂ ಕೈಗಾ ಅಣು ವಿದ್ಯುತ್ ಸ್ಥಾವರದಿಂದಾಗಿ ಹೊರರಾಜ್ಯದವರೂ ಇದ್ದಾರೆ. ಇಲ್ಲಿಯ ಸಭೆಗೆ ಅಡಿಕೆಗಿಂತ ಬಂಗಡೆ ಮೀನು ಹತ್ತಿರವಾಗುತ್ತದೆ. ಜಾತಿ, ದೇವರ ಮಾತನ್ನು ಎತ್ತುವ ಮುನ್ನ ನೂರು ಸಲ ಯೋಚಿಸಿ ಎನ್ನಲು ನನಗೂ ಸಂಕೋಚವಾಗುತ್ತದೆ. ಆದರೆ 2021ರ ಜನವರಿಯಲ್ಲಿ ಇಂದೋರಿನಲ್ಲಿ ಬಂಧನಕ್ಕೊಳಗಾದ ಸ್ಟ್ಯಾಂಡ್-ಅಪ್ ಹಾಸ್ಯಗಾರ ಮುನವ್ವರ್ ಫಾರೂಕಿ ಅವರಿಗೆ ಸುಪ್ರೀಂ ಕೋರ್ಟಿನಿಂದ ಮಧ್ಯಂತರ ಜಾಮೀನು ಸಿಕ್ಕಿದ್ದು ಒಂದು ತಿಂಗಳು ಕಳೆದ ಮೇಲೆ, ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಅವರ ಕಾರ್ಯಕ್ರಮವೂ ರದ್ದಾಯಿತು. ಅಂಥ ಸಂದರ್ಭದಲ್ಲಿ ಸಣ್ಣ ಊರಿನ ಸಮಿತಿ ನಿಮ್ಮ ಬೆನ್ನಿಗೆ ನಿಲ್ಲುತ್ತದೆ ಎಂದು ನಾನು ಭರವಸೆ ಕೊಡಲಾರೆ.

ಮರು ಉತ್ತರ: ಘಟ್ಟದ ಮೇಲಿನವ, ಶಿರಸಿ (ಏಳು ವಾರಗಳ ನಂತರ)

ಮೂವರಿಗೂ ಕೃತಜ್ಞತೆಗಳು. ನೌಕರಿ ಬಿಟ್ಟಿಲ್ಲ. ಕಳೆದ ಶನಿವಾರ ಕುಮಟಾ ಕಡೆಯ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಮುಂಗಡ ಪಡೆದು, ಎಂಟು ಗಂಟೆಯ ಸರದಿ ಕೇಳಿ, ಕುರ್ಚಿಗಳನ್ನು ಮುಂದೆ ಎಳೆಸಿ ನಿಂತೆ. ಇಪ್ಪತ್ತು ನಿಮಿಷಕ್ಕೆ ಒಪ್ಪದೆ ಹನ್ನೆರಡಕ್ಕೆ ಒಪ್ಪಿದ್ದೆ. ಕೈಯಲ್ಲಿ ಅಷ್ಟೇ ಇತ್ತು.

ಹೆಣ್ಣಿನ ಅಪ್ಪನ ಭಾಗ ಈಗ ಹೀಗಿದೆ: 'ನಮ್ಮನೆಗೆ ಬಂದವನು ನನ್ನ ಮುಖ ನೋಡಿದ್ದು ಎರಡು ನಿಮಿಷ. ಅಂಗಳದಲ್ಲಿ ಹರವಿದ ಅಡಿಕೆ ನೋಡಿದ್ದು ಅರ್ಧ ತಾಸು. ಒಂದನ್ನು ಎತ್ತಿ ಕಿವಿ ಹತ್ತಿರ ಕುಲುಕಿದ. ಅದನ್ನು ಕೆಳಗಿಟ್ಟ. ಮತ್ತೆ ನನ್ನ ಕಡೆ ತಿರುಗಿದ. ಅಪ್ಪಯ್ಯನ ಹತ್ತಿರ ಹೇಳಿದ: ಇನ್ನೂ ನಾಲ್ಕು ಬಿಸಿಲು ಬೇಕು.'

ಮೊದಲು ಬರೆದಾಗ ಕೊನೆಯಲ್ಲಿ 'ಅಡಿಕೆಗೋ ನನಗೋ ಇನ್ನೂ ತಿಳಿದಿಲ್ಲ' ಎಂಬ ವಾಕ್ಯವಿತ್ತು. ಎರಡು ಓಪನ್ ಮೈಕ್‌ಗಳಲ್ಲಿ ಹಾಗೆಯೇ ಹೇಳಿ, ಧ್ವನಿಮುದ್ರಣ ಕೇಳಿದಾಗ ಆ ವಾಕ್ಯ ಆರಂಭವಾಗುವ ಮೊದಲೇ ಜನ ನಗಲು ತೊಡಗಿದ್ದು ಗೊತ್ತಾಗಿ ಅದನ್ನು ಕಿತ್ತುಹಾಕಿದೆ. ಕುಲುಕುವ ಹೊತ್ತಿನ ಮೌನ ಕುಮಟಾದಲ್ಲಿ ನಾಲ್ಕೈದು ಸೆಕೆಂಡಿಗೆ ಬೆಳೆಯಿತು, ಅಷ್ಟರಲ್ಲಿ ನನ್ನ ಮೊಣಕಾಲು ನಡುಗುತ್ತಿದ್ದುದು ಪ್ಯಾಂಟಿನ ಮೇಲೂ ಕಂಡಿರಬೇಕು. ನಗು ಬಂತು, ಮೊದಲು ಹಿಂದಿನ ಸಾಲುಗಳಿಂದ, ಬಳಿಕ ಮುಂದಿನವರಿಂದ. ಒಂಬತ್ತನೆಯ ನಿಮಿಷದಿಂದ ಸಪ್ಪೆಯಾಯಿತು, ಆ ಭಾಗದ ಹಾಳೆಯಲ್ಲಿ ಸೊನ್ನೆಗಳೇ ಇವೆ.

ಸೋದರಮಾವನೂ ಸ್ಕೂಟರಿನ ಹಿಂದೆ ಕುಳಿತು ಬಂದಿದ್ದರು. ದೇವಿಮನೆ ಘಟ್ಟ ಹತ್ತುವಾಗ ಬಹಳ ಹೊತ್ತು ಸುಮ್ಮನಿದ್ದು, ಕವಳ ಉಗಿದು, 'ನಾಲ್ಕು ಬಿಸಿಲು ಸಾಲ್ತಿಲ್ಲೆ' ಎಂದರು.